ಸುಡುವ ಮೊದಲು ಕಪ್ಪು, ಸುಟ್ಟ ಮೇಲೆ ಬಿಳಿ: ಬಾಲ್ ಕ್ಲೇ ಎಂಬ ಜೇಡಿಮಣ್ಣಿನ ಗುಣಗಳು

ಮೈಸೂರಿನ ಕುಂಬಾರಗೇರಿಯಲ್ಲಾಗಲಿ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಾಗಲಿ ಕುಂಬಾರಿಕೆ ಎಂದರೆ ಕೆರೆಯಂಗಳದ ಜೇಡಿಮಣ್ಣು. ಅದನ್ನು ನೆನೆಹಾಕಿ, ಕಲ್ಲು ಬೇರು ಆರಿಸಿ, ತುಳಿದು ಹದಮಾಡಿ ತಿಗರಿಗೆ ಏರಿಸಿದವರಿಗೆ ಅದರ ಸ್ವಭಾವ ಕೈಬೆರಳುಗಳಿಗೇ ಗೊತ್ತಿರುತ್ತದೆ. ಆದರೆ ಈಚೆಗೆ ವಿದ್ಯುತ್ ಗೂಡು ಇಟ್ಟುಕೊಂಡು ಬಿಳಿಯ ಬಟ್ಟಲು, ಗ್ಲೇಜ್ ಎಂಬ ಗಾಜಿನಂಥ ಲೇಪ ಹಾಕಿದ ತಟ್ಟೆ, ಹೂಜಿಗಳನ್ನು ಮಾಡಲು ಹೊರಟವರಿಗೆ ಕೆರೆಮಣ್ಣು ಸಾಲುವುದಿಲ್ಲ. ಅವರು ರಾಜಸ್ಥಾನ, ಗುಜರಾತ್ ಕಡೆಯಿಂದ ಚೀಲದಲ್ಲಿ ಬರುವ ಬೂದುಬಣ್ಣದ ಪುಡಿಯೊಂದನ್ನು ತರಿಸುತ್ತಾರೆ. ಚೀಲದ ಮೇಲೆ ‘ಬಾಲ್ ಕ್ಲೇ’ ಎಂದು ಬರೆದಿರುತ್ತದೆ. ಕೇಳಿದರೆ ಸಿಲಿಕಾ, ಅಲ್ಯುಮಿನಾ, ಎಲ್‌ಒಐ, ಎಂಒಆರ್ ಎಂದೆಲ್ಲ ಅಂಕಿಗಳಿರುವ ಪರೀಕ್ಷಾ ವರದಿಯೂ ಸಿಗುತ್ತದೆ. ಆ ಅಂಕಿಗಳು ಏನನ್ನು ಹೇಳುತ್ತವೆ, ಈ ಮಣ್ಣು ಏಕೆ ಇಷ್ಟು ಚೆನ್ನಾಗಿ ಮಣಿಯುತ್ತದೆ ಮತ್ತು ಅಷ್ಟೇ ಬೇಗ ಏಕೆ ಬಿರಿಯುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

ಹುಟ್ಟಿದ ಬಂಡೆಯನ್ನು ಬಿಟ್ಟು ಬಂದ ಮಣ್ಣು

ಗ್ರಾನೈಟ್‌ನಂಥ ಬಂಡೆಗಳಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಧಾರಾಳವಾಗಿರುತ್ತದೆ. ಮಳೆನೀರು, ಅದರಲ್ಲಿ ಕರಗಿದ ಇಂಗಾಲಾಮ್ಲ ಮತ್ತು ಭೂಮಿಯೊಳಗಿನ ಬಿಸಿನೀರು ಲಕ್ಷಾಂತರ ವರ್ಷ ಕೆಲಸ ಮಾಡಿದಾಗ ಫೆಲ್ಡ್‌ಸ್ಪಾರ್‌ನಲ್ಲಿರುವ ಪೊಟ್ಯಾಷಿಯಂ, ಸೋಡಿಯಂಗಳು ತೊಳೆದುಹೋಗಿ ಕಾಯೋಲಿನೈಟ್ ಎಂಬ ಹೊಸ ಖನಿಜ ಉಳಿಯುತ್ತದೆ. ಅದು ಹುಟ್ಟಿದ ಜಾಗದಲ್ಲೇ ಉಳಿದರೆ ಬಿಳಿಯ ಚೀನಾ ಕ್ಲೇ ಆಗುತ್ತದೆ. ಹೊಳೆ ತೊರೆಗಳು ಅದನ್ನು ಹೊತ್ತೊಯ್ದು ದೂರದ ತಗ್ಗಿನ ಕೆರೆ, ಜೌಗುಗಳಲ್ಲಿ ಇಳಿಸಿದರೆ ಅದೇ ಬಾಲ್ ಕ್ಲೇ ಆಗುತ್ತದೆ.

ಈ ಪ್ರಯಾಣದಲ್ಲೇ ಬಾಲ್ ಕ್ಲೇಯ ಎಲ್ಲ ಗುಣಗಳೂ ನಿರ್ಧಾರವಾಗುತ್ತವೆ. ದಪ್ಪ ಮರಳು ದಾರಿಯಲ್ಲೇ ಕೆಳಗಿಳಿಯುತ್ತದೆ. ಅತ್ಯಂತ ಸಣ್ಣ ಕಣಗಳು ಮಾತ್ರ ನಿಂತ ನೀರಿನವರೆಗೆ ತಲುಪಿ ನಿಧಾನವಾಗಿ ತಳ ಸೇರುತ್ತವೆ. ಅವುಗಳ ಜೊತೆಗೆ ನುಣುಪಾದ ಅಭ್ರಕ, ಹುಡಿಯಾದ ಕ್ವಾರ್ಟ್ಸ್ ಅಂದರೆ ಬೆಣಚು, ಸ್ವಲ್ಪ ಕಬ್ಬಿಣ ಮತ್ತು ಟೈಟೇನಿಯಂನ ಆಕ್ಸೈಡ್‌ಗಳು ಬಂದು ಸೇರುತ್ತವೆ. ಜೌಗಿನಲ್ಲಿ ಕೊಳೆತ ಗಿಡಮರಗಳ ಅಂಶವೂ ಬೆರೆತು, ಮಣ್ಣಿಗೆ ಬೂದು, ಕಂದು, ಕೆಲವೊಮ್ಮೆ ಅಚ್ಚ ಕಪ್ಪು ಬಣ್ಣ ಬರುತ್ತದೆ. ಇಂಗ್ಲೆಂಡಿನ ಡೆವನ್ ಮತ್ತು ಡಾರ್ಸೆಟ್‌ಗಳಲ್ಲಿ ಸುಮಾರು 3ರಿಂದ 5 ಕೋಟಿ ವರ್ಷಗಳ ಹಿಂದೆ ಇಂಥ ನಿಕ್ಷೇಪಗಳು ಉಂಟಾದವು. ಅಲ್ಲಿ ಒದ್ದೆ ಮಣ್ಣನ್ನು ಗುದ್ದಲಿಯಿಂದ ಚೌಕ ಗಡ್ಡೆಗಳಾಗಿ ಕಡಿದು ಸಾಗಿಸುವಾಗ ಅವು ಉರುಟಾಗುತ್ತಿದ್ದುದರಿಂದ ಈ ಹೆಸರು ಬಂತು. ಮಣ್ಣಿನ ಗುಣಕ್ಕೂ ಹೆಸರಿಗೂ ಬೇರೆ ಸಂಬಂಧವಿಲ್ಲ. ನಮ್ಮ ದೇಶದಲ್ಲಿ ರಾಜಸ್ಥಾನದ ಬಿಕಾನೇರ್ ಪ್ರದೇಶ ಇದಕ್ಕೆ ಹೆಸರಾಗಿದೆ, ಮತ್ತು ಅದೇ ಪ್ರದೇಶದಲ್ಲಿ ಲಿಗ್ನೈಟ್ ಕಲ್ಲಿದ್ದಲೂ ಸಿಗುತ್ತದೆ. ಜೇಡಿ ಮತ್ತು ಲಿಗ್ನೈಟ್ ಎರಡೂ ಪ್ರಾಚೀನ ಜೌಗುಗಳ ನೆನಪನ್ನು ಉಳಿಸಿಕೊಂಡಿರುವುದರಿಂದ ಅವು ಅಕ್ಕಪಕ್ಕದಲ್ಲಿರುವುದು ಸಹಜ.

ಮೈಸೂರು ಮಂಡ್ಯಗಳ ಅಡಿಯಲ್ಲಿರುವುದು ಬಹುಪಾಲು 250 ಕೋಟಿ ವರ್ಷಕ್ಕೂ ಹಿಂದಿನ, ನೈಸ್ (gneiss) ಎಂಬ ಪಟ್ಟೆಪಟ್ಟೆಯ ಬಂಡೆ. ಇಲ್ಲಿ ಮಣ್ಣು ಆ ಬಂಡೆ ಸವೆದು ಬಂದದ್ದು. ಅದರಲ್ಲಿ ಕಬ್ಬಿಣ ಹೆಚ್ಚು. ಬಿಕಾನೇರಿನಲ್ಲಿರುವಂಥ ದಪ್ಪ ಜೌಗು ನಿಕ್ಷೇಪಗಳು ಇಲ್ಲಿ ರೂಪುಗೊಂಡಿಲ್ಲ. ಕಾವೇರಿ ಬಯಲಿನಲ್ಲಿ ಒಳ್ಳೆಯ ಮಡಕೆಮಣ್ಣು ಸಿಕ್ಕರೂ ಬಾಲ್ ಕ್ಲೇಯನ್ನು ಹೊರಗಿನಿಂದಲೇ ತರಿಸಬೇಕಾಗಿರುವುದಕ್ಕೆ ಇದೇ ಕಾರಣ.

ಕಣದ ಗಾತ್ರ ಮತ್ತು ಮಣಿಯುವ ಗುಣ

ಒದ್ದೆ ಮಣ್ಣನ್ನು ಒತ್ತಿದಾಗ ಅದು ಒಡೆಯದೆ ಆಕಾರ ಬದಲಿಸಬೇಕು, ಕೈ ತೆಗೆದ ಮೇಲೆ ಆ ಆಕಾರದಲ್ಲೇ ನಿಲ್ಲಬೇಕು. ಈ ಎರಡೂ ಕೂಡಿದ ಗುಣಕ್ಕೆ ನಮ್ಯತೆ ಎನ್ನುತ್ತಾರೆ. ಮರಳು ಒತ್ತಿದರೆ ಚೆದುರುತ್ತದೆ. ರಬ್ಬರು ಒತ್ತಿದರೆ ಮಣಿದರೂ ಮತ್ತೆ ಮೊದಲಿನಂತಾಗುತ್ತದೆ. ಜೇಡಿ ಮಾತ್ರ ಮಣಿದು ಹಾಗೆಯೇ ಉಳಿಯುತ್ತದೆ. ಕುಂಬಾರಿಕೆಗೆ ಬಳಸುವ ಬಿಳಿಮಣ್ಣುಗಳ ಪೈಕಿ ಬಾಲ್ ಕ್ಲೇಯಷ್ಟು ನಮ್ಯವಾದದ್ದು ವಿರಳ, ಮತ್ತು ಇದಕ್ಕೆ ಮೂಲ ಕಾರಣ ಕಣಗಳ ಆಕಾರ ಮತ್ತು ಗಾತ್ರ.

ಕಾಯೋಲಿನೈಟ್‌ನ ಕಣ ಉಂಡೆಯಲ್ಲ, ತೆಳುವಾದ ಬಿಲ್ಲೆ. ಸಿಲಿಕಾದ (ಸಿಲಿಕಾನ್‌ನ ಆಕ್ಸೈಡ್) ಒಂದು ಹಾಳೆ, ಅಲ್ಯುಮಿನಾದ (ಅಲ್ಯುಮಿನಿಯಂನ ಆಕ್ಸೈಡ್) ಒಂದು ಹಾಳೆ ಕೂಡಿ ಒಂದು ಪದರವಾಗುತ್ತದೆ; ಆ ಪದರದ ದಪ್ಪ ಸುಮಾರು 0.7 ನ್ಯಾನೋಮೀಟರ್. ಇಂಥ ಅನೇಕ ಪದರಗಳು ಒಂದರ ಮೇಲೊಂದು ಕುಳಿತು ಬಿಲ್ಲೆಯಾಗುತ್ತದೆ. ಬಿಲ್ಲೆಗಳ ನಡುವೆ ನೀರಿನ ತೆಳುಪೊರೆ ನಿಂತಾಗ ನಡೆಯುವುದು, ಒದ್ದೆಯಾದ ಎರಡು ಗಾಜಿನ ಹಲಗೆಗಳನ್ನು ಒಂದರ ಮೇಲೊಂದಿಟ್ಟಾಗ ನಡೆಯುವಂಥದ್ದೇ: ಪಕ್ಕಕ್ಕೆ ತಳ್ಳಿದರೆ ಸಲೀಸಾಗಿ ಜಾರುತ್ತವೆ, ಮೇಲಕ್ಕೆ ಎಳೆದರೆ ಬಿಡಿಸಲಾಗುವುದಿಲ್ಲ. ಜಾರುವುದರಿಂದ ಮಣ್ಣು ಮಣಿಯುತ್ತದೆ, ಅಂಟಿರುವುದರಿಂದ ಆಕಾರ ನಿಲ್ಲುತ್ತದೆ.

ಕಣ ಸಣ್ಣದಾದಷ್ಟೂ ಇಂಥ ಜಾರುವ ಮೇಲ್ಮೈಗಳ ಸಂಖ್ಯೆ ಹೆಚ್ಚುತ್ತದೆ. ಒಳ್ಳೆಯ ಬಾಲ್ ಕ್ಲೇಯಲ್ಲಿ ಅರ್ಧಕ್ಕಿಂತ ಹೆಚ್ಚು ಕಣಗಳು 1 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ, ಚಿಕ್ಕವಾಗಿರುತ್ತವೆ. ಚೀನಾ ಕ್ಲೇಯ ಬಿಲ್ಲೆಗಳು ಸಾಮಾನ್ಯವಾಗಿ ಇದಕ್ಕಿಂತ ದೊಡ್ಡವು, ಅಚ್ಚುಕಟ್ಟಾದ ಆರು ಮೂಲೆಯವು, ಕಟ್ಟುಕಟ್ಟಾಗಿ ಒಟ್ಟಿದಂತಿರುವವು. ಬಾಲ್ ಕ್ಲೇಯ ಕಾಯೋಲಿನೈಟ್ ಪ್ರಯಾಣದಲ್ಲಿ ಸವೆದು, ಅಂಚು ಮುರಿದು, ಪದರಗಳ ಜೋಡಣೆಯಲ್ಲಿ ಕ್ರಮ ಕಳೆದುಕೊಂಡಿರುತ್ತದೆ. ಖನಿಜಶಾಸ್ತ್ರದ ದೃಷ್ಟಿಯಿಂದ ಇದು ಕೊರತೆ. ತಿಗರಿಯ ಮುಂದೆ ಕುಳಿತವರ ದೃಷ್ಟಿಯಿಂದ ಇದೇ ಅದರ ಬಲ. ಒಂದೇ ಖನಿಜದಿಂದಾದ ಎರಡು ಮಣ್ಣುಗಳಲ್ಲಿ ಒಂದು ಕೈಯಲ್ಲಿ ಬಿರಿಯುವುದು, ಇನ್ನೊಂದು ಬೆಣ್ಣೆಯಂತೆ ಮೇಲೇಳುವುದು ಏಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ.

ಜೌಗಿನಿಂದ ಬಂದ ಸಾವಯವ ಅಂಶವೂ ಇಲ್ಲಿ ಕೆಲಸ ಮಾಡುತ್ತದೆ. ಕೊಳೆತ ಸಸ್ಯಗಳಿಂದ ಬರುವ ಹ್ಯೂಮಿಕ್ ಆಮ್ಲಗಳು ಬಿಲ್ಲೆಗಳ ಮೇಲೆ ಕುಳಿತು ಕಣಗಳನ್ನು ಬಿಡಿಬಿಡಿಯಾಗಿಡಲು ನೆರವಾಗುತ್ತವೆ. ಕಲಸಿದ ಮಣ್ಣನ್ನು ಕೆಲವು ವಾರ ಮುಚ್ಚಿಟ್ಟರೆ ನೀರು ಪ್ರತಿ ಕಣದ ಸುತ್ತ ಸಮನಾಗಿ ಹರಡಿ, ಸೂಕ್ಷ್ಮಜೀವಿಗಳೂ ಬೆಳೆದು, ನಮ್ಯತೆ ಇನ್ನಷ್ಟು ಹೆಚ್ಚುತ್ತದೆ. ತುಳಿದ ಮಣ್ಣಿಗೆ ಒದ್ದೆ ಗೋಣಿತಾಟು ಹೊದಿಸಿ ಮಾಗಲು ಬಿಡುವ ಕುಂಬಾರರ ರೂಢಿಗೆ ಇದೇ ಆಧಾರ.

ಒಣಗುವಾಗ ಬರುವ ಬಲ, ಬರುವ ಬಿರುಕು

ಸುಡದ, ಕೇವಲ ಒಣಗಿದ ಪಾತ್ರೆಯನ್ನು ಎತ್ತಿ ಗೂಡಿನೊಳಗೆ ಇಡುವಾಗ ಅದು ಮುರಿಯಬಾರದು. ಈ ಬಲವನ್ನು ಅಳೆಯಲು ಮಣ್ಣಿನ ಪಟ್ಟಿಯೊಂದನ್ನು ಎರಡು ಆಧಾರಗಳ ಮೇಲಿಟ್ಟು ನಡುವೆ ಭಾರ ಹಾಕಿ, ಮುರಿಯುವ ಹೊತ್ತಿನ ಒತ್ತಡವನ್ನು ಲೆಕ್ಕ ಹಾಕುತ್ತಾರೆ. ವರದಿಯಲ್ಲಿ ಎಂಒಆರ್ ಎಂದು ಕಾಣುವುದು ಇದೇ. ಕಣಗಳು ಸಣ್ಣವಾದ್ದರಿಂದ ಒಂದಕ್ಕೊಂದು ತಾಗುವ ಜಾಗಗಳು ಹೆಚ್ಚು, ಹಾಗಾಗಿ ಬಾಲ್ ಕ್ಲೇಯ ಒಣಬಲ ಚೀನಾ ಕ್ಲೇಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ.

ಆದರೆ ಅದೇ ಸಣ್ಣ ಕಣಗಳು ತಮ್ಮ ಸುತ್ತ ಹೆಚ್ಚು ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ನೀರು ಆರಿದಂತೆ ಕಣಗಳು ಹತ್ತಿರ ಸರಿಯುತ್ತವೆ. ಎಷ್ಟು ನೀರಿನ ಪೊರೆಗಳಿದ್ದವೋ ಅಷ್ಟು ಕುಗ್ಗುವಿಕೆ. ಕಣಗಳು ಪರಸ್ಪರ ತಾಗಿದ ಮೇಲೆ ಕುಗ್ಗುವುದು ನಿಲ್ಲುತ್ತದೆ, ಸಂದುಗಳಲ್ಲಿ ಉಳಿದ ನೀರು ಆಮೇಲೆ ಆಕಾರಕ್ಕೆ ಧಕ್ಕೆ ಮಾಡದೆ ಹೋಗುತ್ತದೆ. ಬಾಲ್ ಕ್ಲೇಯೊಂದನ್ನೇ ಬಳಸಿದರೆ ಒಣಗಿ ಸುಡುವಷ್ಟರಲ್ಲಿ ಉದ್ದದಲ್ಲಿ ಒಟ್ಟು ಶೇ. 12ರಿಂದ 18ರಷ್ಟು ಕುಗ್ಗುವುದು ಸಾಮಾನ್ಯ. ಕುಗ್ಗುವುದೇ ತೊಂದರೆಯಲ್ಲ, ಒಂದು ಭಾಗ ಮೊದಲು, ಇನ್ನೊಂದು ಭಾಗ ಆಮೇಲೆ ಕುಗ್ಗುವುದು ತೊಂದರೆ. ಬಟ್ಟಲಿನ ತೆಳುವಾದ ಬಾಯಿ ಬೇಗ ಆರಿ ಗಟ್ಟಿಯಾಗಿ, ದಪ್ಪ ತಳ ಇನ್ನೂ ಹಸಿಯಾಗಿದ್ದಾಗ ಸೊಟ್ಟಗಾಗುವುದೂ ಬಿರುಕು ಬಿಡುವುದೂ ಆಗುತ್ತದೆ. ಮಾರ್ಚ್, ಏಪ್ರಿಲ್‌ನ ಒಣಗಾಳಿಯಲ್ಲಿ ಮಂಡ್ಯದ ಕಡೆ ಬೆಳಗ್ಗೆ ಮಾಡಿದ ಪಾತ್ರೆ ಸಂಜೆಯೊಳಗೆ ಬಿಳಚಿಕೊಳ್ಳುವುದುಂಟು. ಕೆರೆಮಣ್ಣಿನಲ್ಲಿರುವ ಮರಳು ಆ ರಭಸವನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಬಾಲ್ ಕ್ಲೇ ಹೆಚ್ಚಿರುವ ಮಿಶ್ರಣ ತಡೆದುಕೊಳ್ಳುವುದಿಲ್ಲ. ಅಂಥ ಪಾತ್ರೆಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಸಡಿಲವಾಗಿ ಮುಚ್ಚಿ, ಗಾಳಿ ಬೀಸದ ಮೂಲೆಯಲ್ಲಿಟ್ಟು, ನಡುನಡುವೆ ಬೋರಲು ಹಾಕುತ್ತ ನಿಧಾನವಾಗಿ ಆರಿಸಬೇಕು.

ಪರೀಕ್ಷಾ ವರದಿಯನ್ನು ಓದುವ ಬಗೆ

ರಾಸಾಯನಿಕ ವರದಿ ಮಣ್ಣಿನಲ್ಲಿರುವ ಖನಿಜಗಳನ್ನು ನೇರವಾಗಿ ಹೇಳುವುದಿಲ್ಲ. ಎಲ್ಲವನ್ನೂ ಆಕ್ಸೈಡ್‌ಗಳ ಲೆಕ್ಕದಲ್ಲಿ ಕೊಡುತ್ತದೆ. ಓದುವವರು ಅದನ್ನು ಮತ್ತೆ ಖನಿಜಗಳಿಗೆ ಬಿಡಿಸಿಕೊಳ್ಳಬೇಕು, ಮತ್ತು ಸರಳ ಗಣಿತ ಗೊತ್ತಿದ್ದರೆ ಇದು ಯಾರಿಗೂ ಸಾಧ್ಯ.

ಶುದ್ಧ ಕಾಯೋಲಿನೈಟ್‌ನಲ್ಲಿ ಶೇ. 46.5 ಸಿಲಿಕಾ, ಶೇ. 39.5 ಅಲ್ಯುಮಿನಾ, ಶೇ. 14 ನೀರು ಇರುತ್ತದೆ. ಈ ನೀರು ಒದ್ದೆಯ ನೀರಲ್ಲ. ಖನಿಜದ ರಚನೆಯೊಳಗೇ ಬಂಧಿತವಾದದ್ದು. ಬಿಳಿ ಅಭ್ರಕದಲ್ಲಿ ಸುಮಾರು ಶೇ. 45 ಸಿಲಿಕಾ, ಶೇ. 38.5 ಅಲ್ಯುಮಿನಾ, ಶೇ. 11.8 ಪೊಟ್ಯಾಷಿಯಂ ಆಕ್ಸೈಡ್, ಶೇ. 4.5 ನೀರು. ಬೆಣಚು ಎಂದರೆ ಪೂರ್ತಿ ಸಿಲಿಕಾ.

ಲೆಕ್ಕ ತೋರಿಸಲು ಒಂದು ಕಲ್ಪಿತ ವರದಿಯನ್ನು ತೆಗೆದುಕೊಳ್ಳೋಣ: ಸಿಲಿಕಾ ಶೇ. 54, ಅಲ್ಯುಮಿನಾ ಶೇ. 28, ಪೊಟ್ಯಾಷಿಯಂ ಆಕ್ಸೈಡ್ ಶೇ. 2, ಕಬ್ಬಿಣದ ಆಕ್ಸೈಡ್ ಶೇ. 1.2, ಟೈಟೇನಿಯಂ ಆಕ್ಸೈಡ್ ಶೇ. 1.2, ಎಲ್‌ಒಐ ಶೇ. 12.5, ಮಿಕ್ಕದ್ದು ಸುಣ್ಣ, ಮೆಗ್ನೀಷಿಯ, ಸೋಡ. ಪೊಟ್ಯಾಷಿಯಂ ಎಲ್ಲವೂ ಅಭ್ರಕದಿಂದಲೇ ಬಂತು ಎಂದುಕೊಂಡರೆ ಅಭ್ರಕ ಸುಮಾರು ಶೇ. 17. ಅದು ತನ್ನ ಪಾಲಿಗೆ ಶೇ. 6.5ರಷ್ಟು ಅಲ್ಯುಮಿನಾ ಇಟ್ಟುಕೊಳ್ಳುತ್ತದೆ. ಉಳಿದ ಶೇ. 21.5 ಅಲ್ಯುಮಿನಾ ಕಾಯೋಲಿನೈಟ್‌ನದು, ಅದನ್ನು 39.5ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಕಾಯೋಲಿನೈಟ್ ಶೇ. 54ರಷ್ಟಾಯಿತು. ಈ ಎರಡು ಖನಿಜಗಳೂ ಸೇರಿ ಸುಮಾರು ಶೇ. 33 ಸಿಲಿಕಾವನ್ನು ಬಳಸುತ್ತವೆ, ಆದ್ದರಿಂದ ಬಿಡಿ ಬೆಣಚು ಶೇ. 21. ಹೀಗೆ ಬಿಡಿಸಿದ ಮೇಲೆ ಆ ಮಣ್ಣಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಮಣಿಯುವ ಜೇಡಿ, ಐದನೆಯ ಒಂದು ಭಾಗ ಮಣಿಯದ ಬೆಣಚು, ಉಳಿದದ್ದು ಬೆಂಕಿಯಲ್ಲಿ ಕರಗಲು ಸಹಾಯ ಮಾಡುವ ಅಭ್ರಕ ಮತ್ತು ಇತರ ಅಂಶಗಳು.

ಎಲ್‌ಒಐ ಎಂದರೆ ಮಣ್ಣನ್ನು ಚೆನ್ನಾಗಿ ಸುಟ್ಟಾಗ ಕಡಿಮೆಯಾಗುವ ತೂಕ. ಕನ್ನಡದಲ್ಲಿ ದಹನ ನಷ್ಟ ಎನ್ನಬಹುದು. ಮೇಲಿನ ಉದಾಹರಣೆಯಲ್ಲಿ ಕಾಯೋಲಿನೈಟ್ ಮತ್ತು ಅಭ್ರಕಗಳ ಬಂಧಿತ ನೀರು ಸೇರಿ ಸುಮಾರು ಶೇ. 8.3 ಆಗುತ್ತದೆ. ವರದಿಯ 12.5ರಲ್ಲಿ ಅದನ್ನು ಕಳೆದರೆ ಉಳಿಯುವ ಶೇ. 4ರಷ್ಟು ಬಹುಮಟ್ಟಿಗೆ ಸಾವಯವ ಇಂಗಾಲ. ಈ ಒಂದು ವ್ಯವಕಲನ ಗೂಡನ್ನು ಎಷ್ಟು ನಿಧಾನವಾಗಿ ಏರಿಸಬೇಕು ಎಂಬುದನ್ನು ಮುಂಚೆಯೇ ಹೇಳಿಬಿಡುತ್ತದೆ. ವರದಿಯಲ್ಲಿ ಬೇರಾವ ಸಾಲನ್ನು ಬಿಟ್ಟರೂ ಇದನ್ನು ಬಿಡಬಾರದು.

ಕಬ್ಬಿಣದ ಸಾಲು ಬಣ್ಣವನ್ನು ತಿಳಿಸುತ್ತದೆ. ಕೆಂಪಗೆ ಸುಡುವ ಮಡಕೆಮಣ್ಣುಗಳಲ್ಲಿ ಕಬ್ಬಿಣದ ಆಕ್ಸೈಡ್ ಸಾಮಾನ್ಯವಾಗಿ ಶೇ. 5ಕ್ಕಿಂತ ಹೆಚ್ಚಿರುತ್ತದೆ, ಬಾಲ್ ಕ್ಲೇಯಲ್ಲಿ ಅದು ಶೇ. 1ರ ಆಸುಪಾಸು. ಹಸಿಯಾಗಿದ್ದಾಗ ಕಪ್ಪಗಿದ್ದ ಮಣ್ಣು ಸುಟ್ಟ ಮೇಲೆ ಬೆಳ್ಳಗಾಗುವುದು ಹೀಗೆ: ಕಪ್ಪು ಬಣ್ಣ ಇಂಗಾಲದ್ದು, ಇಂಗಾಲ ಉರಿದುಹೋಗುತ್ತದೆ; ಕೆಂಪು ಬಣ್ಣ ಕಬ್ಬಿಣದ್ದು, ಅದು ಉರಿಯುವುದಿಲ್ಲ. ಆದ್ದರಿಂದ ಹಸಿಮಣ್ಣಿನ ಬಣ್ಣ ನೋಡಿ ಸುಟ್ಟ ಬಣ್ಣವನ್ನು ಊಹಿಸಲಾಗದು. ಟೈಟೇನಿಯಂ ತಾನಾಗಿ ಹೆಚ್ಚು ಬಣ್ಣ ಕೊಡದಿದ್ದರೂ ಕಬ್ಬಿಣದ ಜೊತೆ ಸೇರಿದಾಗ ಕೆನೆಬಣ್ಣವನ್ನು ಗಾಢ ಮಾಡುತ್ತದೆ, ಹಾಗಾಗಿ ಅಚ್ಚ ಬಿಳಿ ಬೇಕಾದವರು ಎರಡೂ ಸಾಲುಗಳನ್ನು ಒಟ್ಟಿಗೆ ನೋಡಬೇಕು.

ಬೆಂಕಿಯೊಳಗೆ ನಡೆಯುವುದು

ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವಾಗ ಉಳಿದ ತೇವ ಆವಿಯಾಗುತ್ತದೆ. ದಪ್ಪ ಪಾತ್ರೆಯಲ್ಲಿ ತೇವ ಉಳಿದಿದ್ದು ಶಾಖ ಬೇಗ ಏರಿದರೆ ಆವಿಯ ಒತ್ತಡಕ್ಕೆ ಪಾತ್ರೆ ಒಡೆದು ಚೂರಾಗುತ್ತದೆ. 300 ಡಿಗ್ರಿಯ ನಂತರ ಸಾವಯವ ಅಂಶ ಉರಿಯಲು ತೊಡಗುತ್ತದೆ. 450ರಿಂದ 600 ಡಿಗ್ರಿಯ ನಡುವೆ ಕಾಯೋಲಿನೈಟ್ ತನ್ನ ಬಂಧಿತ ನೀರನ್ನು ಬಿಟ್ಟುಕೊಟ್ಟು ಮೆಟಾಕಾಯೋಲಿನ್ ಎಂಬ ಬೇರೊಂದು ವಸ್ತುವಾಗುತ್ತದೆ. ಇಲ್ಲಿಂದ ಮುಂದೆ ನೀರಿಗೆ ಹಾಕಿದರೂ ಅದು ಮತ್ತೆ ಮಣ್ಣಾಗಿ ಕರಗದು. 573 ಡಿಗ್ರಿಯಲ್ಲಿ ಬೆಣಚಿನ ಹರಳು ತನ್ನ ರಚನೆ ಬದಲಿಸಿ ದಿಢೀರನೆ ಹಿಗ್ಗುತ್ತದೆ, ತಣಿಯುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ; ಏರುವಾಗಲೂ ಇಳಿಯುವಾಗಲೂ ಈ ಗಡಿಯನ್ನು ಮೆಲ್ಲನೆ ದಾಟಬೇಕು.

ಇಂಗಾಲದ ವಿಷಯದಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಗೂಡಿನಲ್ಲಿ ಗಾಳಿಯಾಡದಿದ್ದರೆ ಅಥವಾ ಸುಮಾರು 900 ಡಿಗ್ರಿಯವರೆಗಿನ ದಾರಿಯನ್ನು ಅವಸರದಲ್ಲಿ ಮುಗಿಸಿದರೆ, ಹೊರಮೈ ಬೆಂದರೂ ಒಳಗಿನ ಇಂಗಾಲ ಉರಿಯದೆ ಉಳಿಯುತ್ತದೆ. ಮುರಿದು ನೋಡಿದಾಗ ನಡುವೆ ಕಪ್ಪು ಪಟ್ಟಿ ಕಾಣುವುದು ಇದರಿಂದ. ಮುಂದೆ ಶಾಖ ಹೆಚ್ಚಿ ಮೈ ಮುಚ್ಚಿಕೊಂಡಾಗ ಸಿಕ್ಕಿಬಿದ್ದ ಅನಿಲ ಹೊರಬರಲಾಗದೆ ಪಾತ್ರೆ ಅಲ್ಲಲ್ಲಿ ಊದಿಕೊಳ್ಳುತ್ತದೆ, ಗ್ಲೇಜ್‌ನಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ.

980 ಡಿಗ್ರಿಯ ಹೊತ್ತಿಗೆ ಮೆಟಾಕಾಯೋಲಿನ್ ಮತ್ತೆ ರೂಪ ಬದಲಿಸಿ, 1,100 ಡಿಗ್ರಿ ಸಮೀಪಿಸಿದಂತೆ ಮುಲ್ಲೈಟ್ ಎಂಬ ಗಟ್ಟಿ ಖನಿಜದ ಸೂಜಿಯಾಕಾರದ ಹರಳುಗಳು ಬೆಳೆಯುತ್ತವೆ. ಅಭ್ರಕ ಮತ್ತು ಸೇರಿಸಿದ ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ ಸಂದುಗಳನ್ನು ತುಂಬುತ್ತವೆ. ನೀರು ಹೀರದ ಬಟ್ಟಲು ಇಲ್ಲಿ ಹುಟ್ಟುತ್ತದೆ. ಹಳ್ಳಿಯ ಕುಂಬಾರರ ಗೂಡು ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಮುಟ್ಟುತ್ತದೆ. ಕಬ್ಬಿಣ ಹೆಚ್ಚಿರುವ ಕೆರೆಮಣ್ಣಿಗೆ ಅದು ಸಾಕು. ಅದೇ ಶಾಖದಲ್ಲಿ ಸುಟ್ಟ ಬಾಲ್ ಕ್ಲೇ ಮಿಶ್ರಣ ಸೀಮೆಸುಣ್ಣದಂತೆ ರಂಧ್ರಮಯವಾಗಿಯೇ ಉಳಿಯುತ್ತದೆ, ಅದು ಪೂರ್ಣವಾಗಿ ಬೇಯಲು 1,200 ಡಿಗ್ರಿಯ ಆಸುಪಾಸು ಬೇಕು.

ಅಚ್ಚಿಗೆ ಸುರಿಯುವ ಬಗ್ಗಡ

ವಾಶ್‌ಬೇಸಿನ್‌ನಂಥ ವಸ್ತುಗಳನ್ನು ತಿಗರಿಯಲ್ಲಿ ಮಾಡಲಾಗದು. ಮಣ್ಣನ್ನು ಸ್ಲಿಪ್ ಎಂಬ ಗಟ್ಟಿ ಬಗ್ಗಡವಾಗಿ ಕಲಸಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿಗೆ ಸುರಿಯುತ್ತಾರೆ. ಅಚ್ಚು ನೀರನ್ನು ಹೀರಿ ಒಳಗೋಡೆಗೆ ಮಣ್ಣಿನ ಪದರ ಕಟ್ಟುತ್ತದೆ. ಕಡಿಮೆ ನೀರಿನಲ್ಲೇ ಬಗ್ಗಡ ಹರಿಯುವಂತಾಗಲು ಸ್ವಲ್ಪ ಸೋಡಿಯಂ ಸಿಲಿಕೇಟ್ ಸೇರಿಸಬೇಕು. ಕಾಯೋಲಿನೈಟ್ ಬಿಲ್ಲೆಯ ಮುಖದಲ್ಲಿ ಋಣ ವಿದ್ಯುದಂಶ, ಅಂಚಿನಲ್ಲಿ ಹಲವು ಸಂದರ್ಭಗಳಲ್ಲಿ ಧನ ವಿದ್ಯುದಂಶ ಇರುವುದರಿಂದ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಸೋಡಿಯಂ ಸಿಲಿಕೇಟ್ ಆ ಅಂಟನ್ನು ಬಿಡಿಸುತ್ತದೆ. ಮಣ್ಣಿನಲ್ಲಿ ಕರಗುವ ಸಲ್ಫೇಟ್ ಲವಣಗಳಿದ್ದರೆ ಈ ಕೆಲಸ ಕೆಡುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಷಿಯಂ, ಮೆಗ್ನೀಷಿಯಂಗಳೂ ಇದೇ ತೊಂದರೆ ಕೊಡುವುದರಿಂದ ಬಗ್ಗಡಕ್ಕೆ ಮಳೆನೀರು ಅಥವಾ ಶುದ್ಧೀಕರಿಸಿದ ನೀರು ಒಳ್ಳೆಯದು.

ಒಂಟಿಯಾಗಿ ಏಕೆ ಬಳಸುವುದಿಲ್ಲ

ಇಷ್ಟು ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕು. ನಮ್ಯತೆ, ಒಣಬಲ, ಕುಗ್ಗುವಿಕೆ, ಬಿರುಕು ಇವೆಲ್ಲವೂ ಕಣ ಸಣ್ಣದಾಗಿರುವುದರ ಫಲ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆದುಹಾಕಲು ಬರುವುದಿಲ್ಲ. ಆದ್ದರಿಂದ ಬಾಲ್ ಕ್ಲೇಯ ಜೊತೆಗೆ ಬಿಳುಪಿಗಾಗಿ ಚೀನಾ ಕ್ಲೇ, ಕುಗ್ಗುವಿಕೆ ತಗ್ಗಿಸಿ ಮೈಗೆ ಎಲುಬು ಕೊಡಲು ಬೆಣಚಿನ ಪುಡಿ, ಕರಗಿ ಬೆಸೆಯಲು ಫೆಲ್ಡ್‌ಸ್ಪಾರ್ ಸೇರಿಸುತ್ತಾರೆ. ಬಚ್ಚಲುಮನೆಯ ಪಿಂಗಾಣಿ ಸಾಮಾನುಗಳ ಮಿಶ್ರಣದಲ್ಲಿ ಈ ನಾಲ್ಕೂ ಹೆಚ್ಚುಕಡಿಮೆ ಕಾಲುಕಾಲು ಪಾಲಿನ ಸುತ್ತಮುತ್ತ ಇರುತ್ತವೆ.

ವಿದ್ಯುತ್ ಕಂಬಗಳ ಪಿಂಗಾಣಿ ಇನ್ಸುಲೇಟರ್‌ಗಳೂ ಇದೇ ಕುಟುಂಬಕ್ಕೆ ಸೇರಿದವು. ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ಮೇಲೆ ಹಳೆಯ ಮೈಸೂರು ಸೀಮೆಯಲ್ಲಿ ತಂತಿಮಾರ್ಗಗಳು ಹಬ್ಬಿದವು; 1930ರ ದಶಕದಲ್ಲಿ ಸಂಸ್ಥಾನದ ಸರ್ಕಾರ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆಯನ್ನೇ ಆರಂಭಿಸಿತು, ಅದು ಮುಂದೆ ಬಿಎಚ್‌ಇಎಲ್‌ನ ಭಾಗವಾಯಿತು. ಇನ್ಸುಲೇಟರ್‌ನ ಛತ್ರಿಯಂಥ ಅಂಚುಗಳನ್ನು ಸುಡುವ ಮೊದಲೇ ಕಡೆದು ರೂಪಿಸಬೇಕಾಗುತ್ತದೆ; ಆ ಹೊತ್ತಿನಲ್ಲಿ ಅಷ್ಟು ಭಾರದ ಮಣ್ಣಿನ ಗಟ್ಟಿ ಮುರಿಯದೆ ನಿಲ್ಲಲು ಬಾಲ್ ಕ್ಲೇಯ ಒಣಬಲ ಬೇಕು. ಗೂಡಿನಿಂದ ಹೊರಬಂದ ಮೇಲೆ ವಿದ್ಯುತ್ತನ್ನು ತಡೆಯುವುದು ಮುಲ್ಲೈಟ್, ಬೆಣಚು ಮತ್ತು ಗಾಜು ಬೆಸೆದ ರಂಧ್ರವಿಲ್ಲದ ಮೈ.

ಹೊಸ ಚೀಲ ಬಂದಾಗ

ನೆಲದಿಂದ ಬರುವ ವಸ್ತುವಾದ್ದರಿಂದ ಒಂದೇ ಗಣಿಯ ಬೇರೆ ಬೇರೆ ಪದರಗಳಲ್ಲೂ ವ್ಯತ್ಯಾಸವಿರುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಎಂದರೆ, ಹದವಾದ ಮಣ್ಣಿನಿಂದ ಪಟ್ಟಿ ಮಾಡಿ ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಗೀಚುವುದು. ಒಣಗಿದ ಮೇಲೆ ಒಮ್ಮೆ, ಸುಟ್ಟ ಮೇಲೆ ಇನ್ನೊಮ್ಮೆ ಅಳೆಯಬೇಕು. ಕೊನೆಗೆ 8.8 ಸೆಂಟಿಮೀಟರ್ ಉಳಿದರೆ ಒಟ್ಟು ಕುಗ್ಗುವಿಕೆ ಶೇ. 12; ಆಗ 10 ಸೆಂಟಿಮೀಟರ್ ಎತ್ತರದ ಲೋಟ ಬೇಕಾದರೆ ಹಸಿಯಲ್ಲಿ ಸುಮಾರು 11.4 ಸೆಂಟಿಮೀಟರ್ ಮಾಡಬೇಕು. ಅದೇ ಪಟ್ಟಿಯನ್ನು ಮುರಿದು ನೋಡಿದರೆ ಒಳಗಿನ ಕಪ್ಪು ತಿಳಿಯುತ್ತದೆ. ಸುಟ್ಟ ಪಟ್ಟಿಯನ್ನು ತೂಗಿ, ನೀರಿನಲ್ಲಿ ಕುದಿಸಿ, ಮೈ ಒರೆಸಿ ಮತ್ತೆ ತೂಗಿದರೆ ಎಷ್ಟು ನೀರು ಹೀರಿತೆಂಬುದೂ ಗೊತ್ತಾಗುತ್ತದೆ. ಒಣಗಿದ ಮೈಮೇಲೆ ಬಿಳಿ ಹೊಪ್ಪಳೆ ಕಂಡರೆ ಕರಗುವ ಲವಣವಿದೆ ಎಂದರ್ಥ.

ಪುಡಿಯನ್ನು ಚೀಲದಿಂದ ಸುರಿಯುವ ಕೆಲಸದಲ್ಲಿ ಮಾತ್ರ ಯಾವ ಸಡಿಲಿಕೆಯೂ ಸಲ್ಲದು. ಇದರಲ್ಲಿರುವ ಸೂಕ್ಷ್ಮ ಬೆಣಚಿನ ದೂಳು ವರ್ಷಗಟ್ಟಲೆ ಉಸಿರಿನೊಳಗೆ ಹೋದರೆ ಸಿಲಿಕೋಸಿಸ್ ಎಂಬ, ಗುಣವಾಗದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಪುಡಿಯನ್ನು ನೀರಿಗೆ ನಿಧಾನವಾಗಿ ಇಳಿಸಬೇಕು, ಆ ಹೊತ್ತಿನಲ್ಲಿ ಸೂಕ್ಷ್ಮ ದೂಳು ತಡೆಯುವ ಎನ್95 ದರ್ಜೆಯ ಮಾಸ್ಕ್ ಹಾಕಿರಬೇಕು, ಮಕ್ಕಳು ಹತ್ತಿರವಿರಬಾರದು. ಕೆಲಸದ ಕೋಣೆಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಒಣಗಿದ ಪಾತ್ರೆಯ ಅಂಚನ್ನು ಉಜ್ಜುವ ಬದಲು ಒದ್ದೆ ಸ್ಪಂಜಿನಿಂದ ನಯಮಾಡಬೇಕು, ಮತ್ತು ಮಣ್ಣು ಮೆತ್ತಿದ ಬಟ್ಟೆಗಳನ್ನು ಮನೆಯವರ ಬಟ್ಟೆಗಳ ಜೊತೆ ಸೇರಿಸದೆ ಬೇರೆಯಾಗಿ ಒಗೆಯಬೇಕು.